ಗುರು ಬದಲಾಗುವ ತನಕ ಕಾಯಬೇಕಾ ಡಾಕ್ಟ್ರೇ?

ಪ್ರಶ್ನೆ: ನನಗೆ 31 ವರ್ಷ, ಗಂಡನಿಗೆ 36. ಊರು ಬ್ರಹ್ಮಾವರದ ಹತ್ತಿರ. ಮದುವೆಯಾಗಿ ಮೂರು ವರ್ಷ ಆಯಿತು, ಮಕ್ಕಳಾಗಿಲ್ಲ. ಗಂಡ ಸೌದಿಯ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾರೆ. ಮದುವೆಯಾಗಿ 25 ದಿನಕ್ಕೆ ಹೋದವರು ಆಮೇಲೆ ಎರಡು ಸಲ 40 ದಿನದ ರಜೆಗೆ ಬಂದಿದ್ದಾರೆ. ನನ್ನ ಮುಟ್ಟು 32ರಿಂದ 34 ದಿನಕ್ಕೊಮ್ಮೆ ಬರುತ್ತದೆ. ಜೋಯಿಸರು ಇಬ್ಬರ ಜಾತಕವನ್ನೂ ನೋಡಿದರು. ಪಂಚಮದಲ್ಲಿ, ಅಂದರೆ ಸಂತಾನದ ಐದನೇ ಮನೆಯಲ್ಲಿ ದೋಷ ಇದೆ, ಗುರು ಗ್ರಹ ರಾಶಿ ಬದಲಾಗುವ ತನಕ ಸಂತಾನ ಯೋಗ ಇಲ್ಲ, ಅದಕ್ಕೆ ಮೊದಲು ಡಾಕ್ಟರ ಹತ್ತಿರ ಹೋದರೂ ದುಡ್ಡು ದಂಡ ಎಂದರು. ಅತ್ತೆಯೂ ಅದನ್ನೇ ಹೇಳುತ್ತಾರೆ. ಇನ್ನೊಂದು ವಿಷಯ. ನನ್ನ ತಂಗಿಗೆ ಈಗ ಎಂಟು ತಿಂಗಳು. ಮೊದಲನೆಯದು ಸಿಸೇರಿಯನ್ ಆಗಿತ್ತು. ಈ ಸಲ ಮುಹೂರ್ತ ನೋಡಿ ಕೊಟ್ಟ ದಿನ 37 ವಾರಕ್ಕೆ ಬೀಳುತ್ತದೆ. ಅವಳ ಡಾಕ್ಟರು ಒಪ್ಪುತ್ತಿಲ್ಲ. ಬೇರೆ ಆಸ್ಪತ್ರೆಗೆ ಹೋಗುವುದಾ? ಇದೆಲ್ಲ ಜಾತಕದಲ್ಲಿ ನಿಜವಾಗಿ ಗೊತ್ತಾಗುತ್ತದಾ?

ಉತ್ತರ: ತಂಗಿ, ನಿಮ್ಮ ಪತ್ರ ಓದಿದ ಕೂಡಲೇ ನಾನು ಒಂದು ಲೆಕ್ಕ ಕೂಡಿಸಿದೆ. 25, ಆಮೇಲೆ 40, ಇನ್ನೊಂದು 40. ಒಟ್ಟು 105. ಮದುವೆಯಾಗಿ ಮೂರು ವರ್ಷ ಆದದ್ದು ನಿಜ. ಆದರೆ ನೀವಿಬ್ಬರು ಒಂದೇ ಮನೆಯಲ್ಲಿ ಇದ್ದದ್ದು 105 ದಿನ. ಮೂರೂವರೆ ತಿಂಗಳು, ಅಷ್ಟೇ. ಜಾತಕ ನೋಡಿದವರು ನಿಮ್ಮ ಹತ್ತಿರ ಇದನ್ನು ಕೇಳಿದರಾ?

ಉಡುಪಿಯಲ್ಲಿ ಹೆರಿಗೆ ಡಾಕ್ಟರಾಗಿ ನನಗೆ 26 ವರ್ಷ ಆಯಿತು. ಮಕ್ಕಳಾಗಿಲ್ಲ ಎಂದು ಬಂದವರ ಹತ್ತಿರ ಮದುವೆಯಾಗಿ ಎಷ್ಟು ವರ್ಷ ಆಯಿತು ಎಂದು ನಾನು ಮೊದಲು ಕೇಳುವುದಿಲ್ಲ. ಒಟ್ಟಿಗೆ ಇದ್ದದ್ದು ಎಷ್ಟು ದಿನ ಎಂದು ಕೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಒಬ್ಬರ ಗಂಡ ಕುವೈತಿನಲ್ಲಿ, ಇನ್ನೊಬ್ಬರದ್ದು ಹಡಗಿನಲ್ಲಿ, ಮತ್ತೊಬ್ಬರದ್ದು ಮುಂಬೈ ಹೋಟೆಲಿನಲ್ಲಿ. ಹುಡುಗಿ ಇಲ್ಲಿ ಅತ್ತೆ ಮನೆಯಲ್ಲಿ. ಊರಿನವರು ಲೆಕ್ಕ ಹಾಕುವುದು ಮಾತ್ರ ಮದುವೆ ಕಾಗದದ ತಾರೀಕಿನಿಂದ. ಮೂರು ವರ್ಷ ಆಯ್ತಲ್ಲ, ಇನ್ನೂ ಏನೂ ಇಲ್ವಾ ಅಂತ. ಆ ಮಾತು ಕೇಳಿ ಕೇಳಿ ನೀವು ಎಷ್ಟು ನೊಂದಿದ್ದೀರಿ ಎಂದು ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ.

ಈಗ ಆ 105 ದಿನವನ್ನೇ ಇನ್ನೂ ಹತ್ತಿರದಿಂದ ನೋಡುವ. ಹೆಂಗಸಿನ ಅಂಡ ಹೊರಗೆ ಬಂದ ಮೇಲೆ ಬದುಕುವುದು 12ರಿಂದ 24 ಗಂಟೆ. ಗಂಡಸಿನ ವೀರ್ಯಾಣು ಗರ್ಭಕೋಶದೊಳಗೆ ಐದು ದಿನದವರೆಗೆ ಉಳಿಯಬಹುದು. ಹಾಗಾಗಿ ಒಂದು ತಿಂಗಳ ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು. ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ. ಅದು ದಾಟಿದರೆ ಆ ತಿಂಗಳು ಮುಗಿಯಿತು. ನಿಮ್ಮ 105 ದಿನದಲ್ಲಿ ಸುಮಾರು ಮೂರು ನಾಲ್ಕು ಸಲ ಅಂಡ ಬಿಡುಗಡೆ ಆಗಿರಬಹುದು.

ನಿಮ್ಮ ವಯಸ್ಸಿನಲ್ಲಿ ಎಲ್ಲ ಸರಿ ಇದ್ದರೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಐದರಲ್ಲಿ ಒಂದು ಎಂದು ಇಟ್ಟುಕೊಳ್ಳಿ. ಹಾಗೆ ಹಿಡಿದರೆ, ಏನೂ ತೊಂದರೆ ಇಲ್ಲದ ಹತ್ತು ಜೋಡಿಗಳು ನಾಲ್ಕು ತಿಂಗಳು ಪ್ರಯತ್ನ ಮಾಡಿದಾಗಲೂ ನಾಲ್ಕು ಜೋಡಿಗಳಿಗೆ ಇನ್ನೂ ಆಗಿರುವುದಿಲ್ಲ. ಆ ನಾಲ್ವರಲ್ಲಿ ನೀವೂ ಒಬ್ಬರಾಗಿರಬಹುದು. ನಿಮ್ಮ ಪಂಚಮಕ್ಕೆ ದೋಷ ಹಚ್ಚುವ ಮೊದಲು ಇಷ್ಟು ನೋಡಬೇಕಿತ್ತು, ಅಲ್ವಾ?

ಇನ್ನು ಮುಟ್ಟಿನ ಲೆಕ್ಕ. 14ನೇ ದಿನ ಅಂಡ ಬಿಡುಗಡೆ ಎಂದು ಎಲ್ಲರೂ ಹೇಳುತ್ತಾರೆ. ಅದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಮಾತು. ನಿಜವಾದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬರುತ್ತದೆ. ನಿಮ್ಮದು 33 ದಿನದ ಚಕ್ರ ಎಂದರೆ 19ನೇ ದಿನದ ಹೊತ್ತಿಗೆ. ನಿಮ್ಮ ಆರು ದಿನ ಎಂದರೆ ಹೆಚ್ಚು ಕಡಿಮೆ 14ರಿಂದ 19.

ಇಲ್ಲೇ ಗರ್ಭಾಧಾನದ ಹಳೆಯ ನಿಯಮದ ಮಾತು ಬರುತ್ತದೆ. ಧರ್ಮಶಾಸ್ತ್ರದಲ್ಲಿ ಋತುಕಾಲ ಎಂದರೆ ಮುಟ್ಟಾದ ದಿನದಿಂದ 16 ರಾತ್ರಿ. ಅದರಲ್ಲಿ ಮೊದಲ ನಾಲ್ಕು ಬಿಡಬೇಕು. 11 ಮತ್ತು 13ನೇ ರಾತ್ರಿಯೂ ಬೇಡ. ಉಳಿದದ್ದರಲ್ಲಿ ಸಮ ರಾತ್ರಿ ಸೇರಿದರೆ ಗಂಡು, ಬೆಸ ರಾತ್ರಿ ಸೇರಿದರೆ ಹೆಣ್ಣು. ಅದರ ಮೇಲೆ ತಿಥಿ, ನಕ್ಷತ್ರ ನೋಡಿ ಇನ್ನಷ್ಟು ದಿನ ಕಳೆಯುತ್ತಾರೆ. 26, 28 ದಿನದ ಚಕ್ರ ಇರುವವರಿಗೆ ಈ 16 ರಾತ್ರಿಯೊಳಗೆ ಫಲದ ದಿನಗಳು ಸಿಗುತ್ತವೆ. ಆ ಕಾಲದವರು ಕಣ್ಣಿಟ್ಟು ನೋಡಿಯೇ ಹೇಳಿದ್ದಾರೆ, ಅದಕ್ಕೆ ನನ್ನ ಗೌರವ ಇದೆ. ಆದರೆ ನಿಮ್ಮ ಆರು ದಿನಗಳಲ್ಲಿ 14, 15, 16 ಮಾತ್ರ ಇದರೊಳಗೆ ಬರುತ್ತವೆ. ಹೆಚ್ಚು ಬೆಲೆಯುಳ್ಳ 17, 18ನೇ ದಿನಗಳು ಹೊರಗೇ ಉಳಿಯುತ್ತವೆ. ಪಂಚಾಂಗ ನೋಡಿ ದಿನ ಗೊತ್ತು ಮಾಡಿಸಿಕೊಂಡಿದ್ದರೆ ನಿಮ್ಮ ದಿನವೇ ತಪ್ಪಿರಬಹುದು.

ಗಂಡೋ ಹೆಣ್ಣೋ ಎನ್ನುವುದಕ್ಕೂ ರಾತ್ರಿಯ ಸಂಖ್ಯೆಗೂ ಸಂಬಂಧ ಇಲ್ಲ. ಅದು ನಿರ್ಧಾರವಾಗುವುದು ಅಂಡವನ್ನು ಸೇರುವ ವೀರ್ಯಾಣುವಿನಲ್ಲಿ ಎಕ್ಸ್ ವರ್ಣತಂತು ಇದೆಯೋ ವೈ ಇದೆಯೋ ಎಂಬುದರ ಮೇಲೆ. ಹೆಣ್ಣಾದರೆ ಸೊಸೆಯನ್ನು ದೂರುವವರಿಗೆ ನಾನು ಇದನ್ನು ಎದುರಿಗೇ ಹೇಳುತ್ತೇನೆ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸಿದ ಕಾನೂನು 1994ರಿಂದ ಇದೆ. ಗರ್ಭ ನಿಲ್ಲುವ ಮೊದಲೇ ಲಿಂಗ ಆರಿಸುವುದನ್ನೂ ಆಮೇಲೆ ಅದರೊಳಗೆ ಸೇರಿಸಿದ್ದಾರೆ.

ಸರಿ, ಜಾತಕದಲ್ಲಿ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಇದಕ್ಕೆ ಸುಮ್ನೆ "ಮೂಢನಂಬಿಕೆ" ಎಂದು ಹೇಳಿ ಬಿಡಲು ನನಗೆ ಮನಸ್ಸಿಲ್ಲ. ನನ್ನ ಅಜ್ಜ ಜಾತಕ ಬರೆಯುತ್ತಿದ್ದವರು. ಊರಿನ ಜಗಲಿಯಲ್ಲಿ ಕವಡೆ ಹರಡಿ ಪ್ರಶ್ನೆ ಇಡುತ್ತಿದ್ದರು. ಮಕ್ಕಳಿಲ್ಲದ ಎಷ್ಟೋ ಹೆಂಗಸರು ಸೆರಗು ಹಿಡಿದುಕೊಂಡು ಅಲ್ಲಿ ಕುಳಿತದ್ದನ್ನು ನಾನು ನೋಡಿದ್ದೇನೆ. ಅಜ್ಜ ಪ್ರೀತಿಯಿಂದ ಮಾತಾಡಿಸುತ್ತಿದ್ದರು. ಅವರಿಂದ ಕಲಿತ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಸಂತಾನಕ್ಕೆ ನೋಡುವುದು ಐದನೇ ಮನೆ. ಪುತ್ರಕಾರಕ ಗುರು. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ, ಹನ್ನೆರಡು ವರ್ಷಕ್ಕೆ ಒಂದು ಸುತ್ತು. ಅವನು ಇದ್ದ ಮನೆಗೆ ಬಲ. ಅಲ್ಲದೆ ಅಲ್ಲಿಂದ ಐದು, ಏಳು, ಒಂಬತ್ತನೇ ಮನೆಗೂ ಅವನ ದೃಷ್ಟಿ ಬೀಳುತ್ತದೆ. ಅಂದರೆ ನಿಮ್ಮ ಪಂಚಮಕ್ಕೆ ಹನ್ನೆರಡು ವರ್ಷದಲ್ಲಿ ನಾಲ್ಕು ವರ್ಷ ಗುರುವಿನ ಬಲ ಇದ್ದೇ ಇರುತ್ತದೆ. ಅದು ಲಗ್ನದಿಂದ, ಅಂದರೆ ಹುಟ್ಟುವಾಗ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿಯಿಂದ ಎಣಿಸಿದರೆ. ಚಂದ್ರ ಇದ್ದ ರಾಶಿಯಿಂದ ಎಣಿಸಿದರೆ ಇನ್ನೊಂದು ನಾಲ್ಕು. ನಿಮ್ಮ ಗಂಡನ ಲಗ್ನ, ಗಂಡನ ರಾಶಿ ಎಂದು ಇನ್ನೆರಡು ಎಣಿಕೆ. ಈ ನಾಲ್ಕೂ ಎಣಿಕೆಯಲ್ಲಿ ಒಂದಾದರೂ ಹೊಂದುವ ವರ್ಷ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ. ಸಾಮಾನ್ಯವಾಗಿ ನೂರು ವರ್ಷದಲ್ಲಿ ಎಂಬತ್ತು. ಮಗು ಯಾವ ವರ್ಷ ಹುಟ್ಟಿದರೂ "ನೋಡಿ, ಗುರುಬಲ ಬಂದಿತ್ತು" ಎಂದು ತೋರಿಸಲು ಹೆಚ್ಚು ಹುಡುಕಬೇಕಾಗಿಲ್ಲ. ಉಳಿದ ಇಪ್ಪತ್ತಕ್ಕೆ ದಶೆ, ಭುಕ್ತಿ, ಸಪ್ತಾಂಶ ಎಂಬ ಬೇರೆ ಲೆಕ್ಕಗಳು ಇವೆ.

ಮತ್ತೊಂದು ಲೆಕ್ಕ ಬೀಜಸ್ಫುಟ ಮತ್ತು ಕ್ಷೇತ್ರಸ್ಫುಟ. ಗಂಡನ ಜಾತಕದಲ್ಲಿ ರವಿ, ಶುಕ್ರ, ಗುರು ಇರುವ ಸ್ಫುಟಗಳನ್ನು, ಅಂದರೆ ಅವು ನಿಂತ ಅಂಶಗಳನ್ನು ಕೂಡಿಸುವುದು. ಹೆಂಡತಿಯ ಜಾತಕದಲ್ಲಿ ಚಂದ್ರ, ಕುಜ, ಗುರು. ಗಂಡನ ಮೊತ್ತ ಬೆಸ ರಾಶಿ ಮತ್ತು ಬೆಸ ನವಾಂಶದಲ್ಲಿ (ರಾಶಿಯ ಒಂಬತ್ತನೇ ಒಂದು ಪಾಲು) ಬಿದ್ದರೆ ಉತ್ತಮ. ಹೆಂಡತಿಯದ್ದು ಸಮ ರಾಶಿ, ಸಮ ನವಾಂಶದಲ್ಲಿ. ಒಂದು ಸರಿ, ಒಂದು ತಪ್ಪು ಆದರೆ ಮಿಶ್ರ. ಆಗ ಸಂತಾನ ತಡ, ಪರಿಹಾರ ಬೇಕು ಎನ್ನುತ್ತಾರೆ. ನಾನು ಕುಳಿತು ಲೆಕ್ಕ ಹಾಕಿದ್ದೇನೆ. ನೂರು ಜನರಲ್ಲಿ ಸುಮಾರು 28 ಮಂದಿಗೆ ಮಾತ್ರ ಪೂರ್ತಿ ಉತ್ತಮ ಬರುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಉತ್ತಮ ಬರುವುದು ನೂರು ಜೋಡಿಯಲ್ಲಿ ಎಂಟಕ್ಕೆ. ಅಂದರೆ ಉಳಿದ 92 ಜೋಡಿಗಳಿಗೆ ಏನೋ ಒಂದು ಕೊರತೆ ಕಂಡೇ ಕಾಣುತ್ತದೆ. ಆದರೆ ಲೋಕದಲ್ಲಿ ಆಗುವುದೇನು? ಒಟ್ಟಿಗೆ ಇರುವ ನೂರು ಜೋಡಿಗಳಲ್ಲಿ 80ರಿಂದ 85 ಜೋಡಿಗಳಿಗೆ ಒಂದು ವರ್ಷದೊಳಗೆ ತಾನಾಗಿಯೇ ಗರ್ಭ ನಿಲ್ಲುತ್ತದೆ.

ಈಗ ಗೊತ್ತಾಯಿತಾ, "ಒಂದು ವರ್ಷದಲ್ಲಿ ಆಗುತ್ತದೆ" ಎಂಬ ಭವಿಷ್ಯ ಯಾಕೆ ಅಷ್ಟು ನಿಜವಾಗುತ್ತದೆ ಎಂದು? ಯಾರಿಗೆ ಹೇಳಿದರೂ ಹತ್ತರಲ್ಲಿ ಎಂಟು ಸಲ ಅದು ನಿಜವೇ ಆಗುತ್ತದೆ. ಆ ಎಂಟು ಮನೆಯವರು ಸೀರೆ, ಹಣ್ಣು ಹಿಡಿದುಕೊಂಡು ಬಂದು ನಮಸ್ಕಾರ ಮಾಡುತ್ತಾರೆ. ಉಳಿದ ಇಬ್ಬರು ಜಗಲಿ ಹತ್ತುವುದಿಲ್ಲ. ಅವರು ಆಮೇಲೆ ನನ್ನ ಹತ್ತಿರ ಬರುತ್ತಾರೆ. ಬರುವಾಗ ಐದಾರು ವರ್ಷ ಕಳೆದಿರುತ್ತದೆ. ನನಗೆ ಸಂಕಟ ಆಗುವುದು ಅದಕ್ಕೆ.

ಮುಟ್ಟಿಗೂ ಚಂದ್ರನಿಗೂ ಸಂಬಂಧ ಇದೆ ಎನ್ನುವುದು ಬಹಳ ಹಳೆಯ ಮಾತು. ಆರನೇ ಶತಮಾನದ ವರಾಹಮಿಹಿರರು ತಮ್ಮ ಬೃಹಜ್ಜಾತಕದಲ್ಲಿ ಪ್ರತಿ ತಿಂಗಳ ಮುಟ್ಟಿಗೆ ಕುಜ ಮತ್ತು ಚಂದ್ರ ಕಾರಣ ಎಂದಿದ್ದಾರೆ. 1950ರ ದಶಕದಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಯೂಜೆನ್ ಯೋನಾಸ್ ಎಂಬ ಮನೋವೈದ್ಯರು ಇನ್ನೊಂದು ಲೆಕ್ಕ ತಂದರು. ಹೆಂಗಸು ಹುಟ್ಟಿದಾಗ ಸೂರ್ಯ ಚಂದ್ರರ ನಡುವೆ ಎಷ್ಟು ಅಂತರ ಇತ್ತೋ, ಅದೇ ಅಂತರ ಮತ್ತೆ ಬರುವ ದಿನ ಅವಳಿಗೆ ಗರ್ಭ ನಿಲ್ಲುತ್ತದೆ ಎಂದು. ಈಗಲೂ ಅದನ್ನು ಹಿಡಿದು ಕ್ಯಾಲೆಂಡರ್ ಮಾಡಿಕೊಡುವವರು ಇದ್ದಾರೆ. ಆ ಅಂತರ ಮರಳುವುದು 29.5 ದಿನಕ್ಕೊಮ್ಮೆ. ನಿಮ್ಮ ಚಕ್ರ 33 ದಿನದ್ದು. ಹಾಗಾದರೆ ಆ "ಫಲದ ದಿನ" ತಿಂಗಳು ತಿಂಗಳು ಮೂರೂವರೆ ದಿನ ಹಿಂದೆ ಹಿಂದೆ ಸರಿಯುತ್ತದೆ. ಒಂದು ತಿಂಗಳು 18ನೇ ದಿನ ಇದ್ದದ್ದು ಐದು ತಿಂಗಳಾಗುವಾಗ ಮುಟ್ಟಿನ ದಿನಕ್ಕೇ ಬಂದು ನಿಲ್ಲುತ್ತದೆ. ಅಂಡ ಯಾವಾಗ ಬರಬೇಕೆಂದು ಹೇಳುವುದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು. ನಿದ್ದೆಗೆಟ್ಟರೆ, ತೂಕ ಜಾಸ್ತಿಯಾದರೆ, ಥೈರಾಯ್ಡ್ ಏರುಪೇರಾದರೆ, ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇದ್ದರೆ ಆ ದಿನ ಹಿಂದೆ ಮುಂದೆ ಆಗುತ್ತದೆ. ಚಂದ್ರ ಆಗ ಯಾವ ನಕ್ಷತ್ರದಲ್ಲಿದ್ದರೂ ಅಷ್ಟೇ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಕೆಟ್ಟದ್ದು ಬಯಸುವವರಲ್ಲ. ನಮ್ಮ ತುಳುನಾಡಿನಲ್ಲಿ ಮಕ್ಕಳಾಗದಿದ್ದರೆ ನಾಗನ ಕಡೆಗೆ ನೋಡುವುದು ರೂಢಿ. ನಾಗಬನದಲ್ಲಿ ತಂಬಿಲ, ಆಶ್ಲೇಷಾ ಬಲಿ, ಕುಕ್ಕೆಗೆ ಹೋಗಿ ಸರ್ಪ ಸಂಸ್ಕಾರ. ನಾನೂ ನಾಗರಪಂಚಮಿಗೆ ನಮ್ಮ ಮೂಲಸ್ಥಾನದ ಬನಕ್ಕೆ ಹೋಗಿ ತನು (ಹಾಲು, ಎಳನೀರು) ಹಾಕಿಸಿ ಬರುವವಳೇ. ಪೂಜೆ ಮಾಡಿಸುವುದರಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಮನೆಯವರೆಲ್ಲ ಒಟ್ಟಾಗುತ್ತಾರೆ. ಬೇಡ ಎಂದು ನಾನು ಯಾರಿಗೂ ಹೇಳಿಲ್ಲ. ನಾನು ಕೇಳಿಕೊಳ್ಳುವುದು ಒಂದೇ. ಆ ಪೂಜೆ ನಿಮ್ಮ ಆರು ದಿನವನ್ನು ತಿನ್ನಬಾರದು. ಪರೀಕ್ಷೆಯನ್ನು ಮುಂದೆ ಹಾಕಿಸಬಾರದು.

ಒಂದು ಜೋಡಿಯ ನೆನಪು ನನಗೆ ಹೋಗುವುದೇ ಇಲ್ಲ. ಗಂಡನಿಗೆ ಸಿಕ್ಕಿದ ರಜೆ 45 ದಿನ. ಬಂದ ಮೂರನೇ ದಿನ ಪ್ರಶ್ನೆ ಇಡಿಸಿದರು. ದೋಷ ಕಂಡಿತು, ಪರಿಹಾರ ಆಯಿತು, ಆಮೇಲೆ ಒಂದು ಮಂಡಲ ವ್ರತ ಎಂದರು. ಮಂಡಲ ಎಂದರೆ 48 ದಿನ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಲಗಿದರು. ವ್ರತ ಮುಗಿಯುವ ಮೊದಲೇ ಅವನ ವಿಮಾನ ಹೊರಟಿತ್ತು. ಆ ಹುಡುಗಿ ನನ್ನ ಎದುರು ಕುಳಿತು, ಕೈಯಲ್ಲಿದ್ದ ಫೈಲಿನ ದಾರವನ್ನು ಬಿಚ್ಚುತ್ತಾ ಕಟ್ಟುತ್ತಾ, "ಈ ವರ್ಷವೂ ಹೋಯ್ತು ಡಾಕ್ಟ್ರೇ" ಎಂದಳು. ಮಗುವಿಗಾಗಿ ಮಾಡಿದ ವ್ರತವೇ ಆ ವರ್ಷ ಮಗು ಆಗದ ಹಾಗೆ ಮಾಡಿತ್ತು. ಅವಳಿಗೆ ಆಗ 37.

ವಯಸ್ಸು ಯಾಕೆ ಹೇಳುತ್ತೇನೆ ಎಂದರೆ, ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಗಳೆಲ್ಲ ಅವಳೊಳಗೆ ಇರುತ್ತವೆ. ಹೊಸದು ಹುಟ್ಟುವುದಿಲ್ಲ. 35 ದಾಟಿದ ಮೇಲೆ ಅದರ ಸಂಖ್ಯೆ ಮತ್ತು ಗುಣ ಬೇಗ ಬೇಗ ಇಳಿಯುತ್ತದೆ. 40ರ ಹೊತ್ತಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಐದಕ್ಕೆ ಬಂದಿರುತ್ತದೆ. ಐವಿಎಫ್ ಮಾಡಿದರೂ ಅಂಡದ ವಯಸ್ಸು ಹಿಂದೆ ಹೋಗುವುದಿಲ್ಲ. ನಿಮಗೀಗ 31. ಒಳ್ಳೆಯ ವಯಸ್ಸು, ಗಾಬರಿ ಬೇಡ. ಆದರೆ ಗುರು ಬದಲಾಗಲಿ ಎಂದು ಒಂದು ವರ್ಷ, ಆಮೇಲೆ ಭುಕ್ತಿ ಮುಗಿಯಲಿ ಎಂದು ಎರಡು ವರ್ಷ ಎಂದು ಕುಳಿತರೆ ಆ 35 ತಾನಾಗಿ ಬರುತ್ತದೆ.

ಡಾಕ್ಟರ ಹತ್ತಿರ ಹೋದರೆ ದುಡ್ಡು ದಂಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಸುತ್ತಿನ ಪರೀಕ್ಷೆಗಳು ದೊಡ್ಡ ಖರ್ಚಿನವಲ್ಲ. ಒಟ್ಟಿಗೆ ಇರುವ ಜೋಡಿಯಾದರೆ, ಹೆಂಡತಿಗೆ 35ರೊಳಗೆ ಇದ್ದರೆ ಒಂದು ವರ್ಷ ನೋಡಿ ಬನ್ನಿ, ದಾಟಿದ್ದರೆ ಆರು ತಿಂಗಳಿಗೆ ಬನ್ನಿ ಎನ್ನುತ್ತೇವೆ. ನಿಮ್ಮ ಹಾಗೆ ದೂರ ಇರುವವರು ಆ ಲೆಕ್ಕಕ್ಕೆ ಕಾಯಬಾರದು. ಸಿಗುವುದೇ ಕೆಲವು ದಿನ, ಅದಕ್ಕೆ ಮೊದಲೇ ಎಲ್ಲ ನೋಡಿಟ್ಟುಕೊಳ್ಳಬೇಕು.

ಮತ್ತೆ, ಮೊದಲ ಪರೀಕ್ಷೆ ಗಂಡನಿಗೆ. ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂದು ಯೋಚಿಸಬೇಡಿ, ಡಾಕ್ಟರು ಹೇಳಿದರು ಎನ್ನಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯೂ ಏನಾದರೊಂದು ಕಾರಣ ಇರುತ್ತದೆ. ಆದರೂ ನನ್ನ ಹತ್ತಿರ ಬರುವ ಫೈಲುಗಳಲ್ಲಿ ಹೆಂಗಸಿನ ರಿಪೋರ್ಟು ಹತ್ತು ಇರುತ್ತದೆ, ಗಂಡಸಿನದ್ದು ಒಂದೂ ಇರುವುದಿಲ್ಲ. ಒಬ್ಬಳಿಗೆ ಎರಡು ಸಲ ಲ್ಯಾಪ್ರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗೆ ನೋಡುವುದು) ಆಗಿತ್ತು. ಗಂಡನ ವೀರ್ಯ ಪರೀಕ್ಷೆ ಮಾಡಿಸಿದ್ದು ಅದಾದ ಮೇಲೆ. ಅದರಲ್ಲಿ ವೀರ್ಯಾಣು ಇರಲೇ ಇಲ್ಲ. ಆ ಹುಡುಗಿಯ ಹೊಟ್ಟೆಯ ಮೇಲಿನ ಗುರುತುಗಳನ್ನು ನೋಡಿ ನನಗೆ ಮಾತೇ ಬರಲಿಲ್ಲ.

ನಿಮ್ಮ ಗಂಡ ಈ ಪರೀಕ್ಷೆಯನ್ನು ದಮ್ಮಾಮ್‌ನಲ್ಲೇ ಮಾಡಿಸಬಹುದು. ಅದಕ್ಕೆ ಮೊದಲು ಎರಡರಿಂದ ಏಳು ದಿನದವರೆಗೆ ವೀರ್ಯ ಹೊರಗೆ ಹೋಗಿರಬಾರದು. ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು. ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಲಿ. ಒಂದು ಸಲ ಕಡಿಮೆ ಬಂದರೆ ಹೆದರಬೇಡಿ, ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಜ್ವರ ಬಂದಿದ್ದರೆ, ಬಿಸಿಯ ಎದುರು ಕೆಲಸ ಮಾಡುತ್ತಿದ್ದರೆ, ಸಿಗರೇಟು ಇದ್ದರೆ ಕಡಿಮೆ ಬರುವುದುಂಟು.

ನೀವು ಇಲ್ಲಿ ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ಮತ್ತು ಒಂದು ಸ್ಕ್ಯಾನಿಂಗ್ ಮಾಡಿಸಿ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶ, ಅಂಡಾಶಯ ಕಾಣುತ್ತದೆ. 32ರಿಂದ 34 ದಿನದ ಮುಟ್ಟು ಸಾಮಾನ್ಯ ಮಿತಿಯೊಳಗೇ ಇದೆ, ಅದರಿಂದ ಪಿಸಿಒಡಿ ಎಂದು ನೀವೇ ನಿರ್ಧರಿಸಬೇಡಿ. ಗರ್ಭನಾಳ ತೆರೆದಿದೆಯಾ ಎಂದು ನೋಡುವ ಎಕ್ಸ್‌ರೇ ಪರೀಕ್ಷೆ ಒಂದಿದೆ. ಮುಟ್ಟು ನಿಂತ ಮೇಲೆ, ಅಂಡ ಬರುವ ಮೊದಲು ಮಾಡುತ್ತಾರೆ. ಗಂಡನ ರಿಪೋರ್ಟು ಬಂದ ಮೇಲೆ ಅದು ಬೇಕಾ ಎಂದು ನಿಮ್ಮ ಡಾಕ್ಟರು ಹೇಳಲಿ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಲು ಕ್ಷಯರೋಗ ಒಂದು ಮುಖ್ಯ ಕಾರಣ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಮುಚ್ಚಿಡದೆ ಹೇಳಿ. ಫಾಲಿಕ್ ಆಸಿಡ್ ಮಾತ್ರೆ 400 ಮೈಕ್ರೋಗ್ರಾಂ ದಿನಕ್ಕೊಂದು ಈಗಿನಿಂದಲೇ ಶುರುಮಾಡಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಬಸುರಿ ಎಂದು ಗೊತ್ತಾಗುವ ಹೊತ್ತಿಗೇ, ಆದ್ದರಿಂದ ಮಾತ್ರೆ ಮೊದಲೇ ದೇಹದಲ್ಲಿ ಇರಬೇಕು. ಮುಂದೆ ಅಗತ್ಯ ಬಿದ್ದರೆ ಗಂಡ ಊರಿಗೆ ಬಂದಾಗ ವೀರ್ಯವನ್ನು ಶೀತಲೀಕರಿಸಿ ಇಡುವ ವ್ಯವಸ್ಥೆಯೂ ಇದೆ. ಅದು ಈಗಿನ ಮಾತಲ್ಲ.

ತಂಗಿಯ ಹೆರಿಗೆಯ ವಿಷಯದಲ್ಲಿ ನನ್ನ ಉತ್ತರ ನೇರ. ಬೇರೆ ಆಸ್ಪತ್ರೆ ಹುಡುಕಬೇಡಿ. ಒಪ್ಪದೆ ಇರುವ ಆ ಡಾಕ್ಟರು ನಿಮ್ಮ ತಂಗಿಯ ಮಗುವಿನ ಪರ ನಿಂತಿದ್ದಾರೆ.

37 ವಾರಕ್ಕೆ ಒಂಬತ್ತು ತಿಂಗಳು ತುಂಬಿತಲ್ಲ ಎಂದು ಮನೆಯವರು ಹೇಳುತ್ತಾರೆ. ಆದರೆ ಕೊನೆಯ ಆ ಎರಡು ವಾರದಲ್ಲಿ ಶ್ವಾಸಕೋಶ ಪಕ್ವವಾಗುತ್ತದೆ, ಮಿದುಳು ಬೆಳೆಯುತ್ತದೆ, ಚರ್ಮದಡಿ ಕೊಬ್ಬು ಕೂಡುತ್ತದೆ. 2009ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ನಿಮ್ಮ ತಂಗಿಯ ಹಾಗೆಯೇ ಮೊದಲು ಸಿಸೇರಿಯನ್ ಆಗಿ, ಮತ್ತೆ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿಸಿಕೊಂಡ 13,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಅದು. 39ನೇ ವಾರದಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ ಎಂಟಕ್ಕೆ ಉಸಿರಾಟದ ಕಷ್ಟ, ಸಕ್ಕರೆ ಇಳಿಯುವುದು, ಸೋಂಕು, ಎನ್‌ಐಸಿಯು (ಎಳೆಗೂಸುಗಳ ತೀವ್ರ ನಿಗಾ ಕೋಣೆ) ಸೇರುವುದು ಎಂಬಂಥ ಏನಾದರೊಂದು ತೊಂದರೆ ಬಂತು. 38ನೇ ವಾರದಲ್ಲಿ 11. 37ನೇ ವಾರದಲ್ಲಿ 15. ಹತ್ತಿರ ಹತ್ತಿರ ಎರಡು ಪಟ್ಟು.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಮನೆಯವರ ಒತ್ತಾಯಕ್ಕೆ ಒಪ್ಪಿದ್ದೆ. 37 ವಾರ ಆಗಿ ಒಂದು ದಿನ. 10 ಗಂಟೆ 42 ನಿಮಿಷದೊಳಗೆ ಮಗು ಹೊರಗೆ ಬರಬೇಕು, ಆಮೇಲೆ ನವಾಂಶ ಬದಲಾಗುತ್ತದೆ ಎಂದು ಮಗುವಿನ ಅಜ್ಜ ಹೊರಗೆ ಗಡಿಯಾರ ನೋಡುತ್ತಾ ನಿಂತಿದ್ದರು. ಬೆನ್ನಿಗೆ ಕೊಡುವ ಅನಸ್ತೇಶಿಯಾ ಒಂದೇ ಸಲಕ್ಕೆ ಹಿಡಿಯಲಿಲ್ಲ. ಮಗು ಬಂದದ್ದು 10.51ಕ್ಕೆ. ಅತ್ತಿತು, ಆದರೆ ಅಳು ಗಟ್ಟಿಯಾಗಲಿಲ್ಲ. ಹತ್ತು ನಿಮಿಷದಲ್ಲಿ ಮೂಗಿನ ಹೊಳ್ಳೆ ಅರಳತೊಡಗಿತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು. ಸಣ್ಣಗೆ ನರಳುವ ಸದ್ದು. ಐದು ದಿನ ಆ ಮಗು ಆಮ್ಲಜನಕದ ಪೆಟ್ಟಿಗೆಯಲ್ಲಿತ್ತು. ತಾಯಿ ಗಾಜಿನ ಆಚೆ ನಿಂತು, ಹಾಲು ತುಂಬಿ ನೋಯುವ ಎದೆಯನ್ನು ಸೆರಗಿನಿಂದ ಒತ್ತಿ ಹಿಡಿದುಕೊಂಡಿದ್ದಳು. ಮಗು ಬದುಕಿತು. ಆದರೆ ಆ ಐದು ದಿನ ನಾನು ಕೊಟ್ಟ ಕಷ್ಟ. ಅಂದಿನಿಂದ ಕಾರಣ ಇಲ್ಲದೆ 39 ವಾರಕ್ಕೆ ಮೊದಲು ನಾನು ಕತ್ತರಿ ಹಿಡಿದಿಲ್ಲ.

ನಿಮಿಷದ ಮುಹೂರ್ತ ನಮ್ಮ ಕೈಯಲ್ಲಿ ಇಲ್ಲವೇ ಇಲ್ಲ. ಲಗ್ನ ಎರಡು ಗಂಟೆಗೆ ಬದಲಾಗುತ್ತದೆ, ಅದರ ಒಂಬತ್ತನೇ ಒಂದು ಪಾಲು ನವಾಂಶ. ಅಂದರೆ 13 ನಿಮಿಷ ಚಿಲ್ಲರೆ. ಮೊದಲ ಸಿಸೇರಿಯನ್ನಿನ ಗಾಯ ಒಳಗೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಪಕ್ಕದ ಟೇಬಲಿನಲ್ಲಿ ಯಾರಿಗಾದರೂ ರಕ್ತಸ್ರಾವ ಆದರೆ ನಾವು ಅತ್ತ ಓಡಬೇಕು. ಜನ್ಮ ಸಮಯ ಯಾವುದು ಎಂಬುದರಲ್ಲೇ ಜೋಯಿಸರಲ್ಲಿ ಒಮ್ಮತ ಇಲ್ಲ. ತಲೆ ಕಂಡದ್ದಾ, ಮೊದಲ ಅಳುವಾ, ಹೊಕ್ಕುಳಬಳ್ಳಿ ಕತ್ತರಿಸಿದ್ದಾ? ನನ್ನ ಅಜ್ಜ ಮೊದಲ ಅಳು ಎನ್ನುತ್ತಿದ್ದರು. ಅವರ ಗೆಳೆಯರೊಬ್ಬರು ಹೊಕ್ಕುಳಬಳ್ಳಿ ಎಂದು ವಾದ ಮಾಡುತ್ತಿದ್ದರು. ಇಬ್ಬರೂ ಚೆನ್ನಾಗಿ ಓದಿದವರೇ.

ಗರ್ಭ ನಿಂತ ದಿನ ಗೊತ್ತಿದ್ದರೆ ಹೆರಿಗೆಯ ದಿನ ಹೇಳಬಹುದು ಎಂಬ ಮಾತೂ ಇದೆ. ನಾವು ಕೊಡುವ ಡ್ಯೂ ಡೇಟ್, ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ. ಅದೇ ದಿನ ಹೆರುವವರು ನೂರಕ್ಕೆ ನಾಲ್ಕೈದು ಮಂದಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 125 ಬಸುರಿಯರಿಗೆ ಅಂಡ ಬಿಡುಗಡೆಯಾದ ದಿನವನ್ನು ಹಾರ್ಮೋನಿನಿಂದ ಕಂಡುಹಿಡಿದಿದ್ದರು. ಅವಧಿಗೆ ಮೊದಲು ಹುಟ್ಟಿದವರನ್ನು ಬಿಟ್ಟರೂ ಎಲ್ಲರಿಗಿಂತ ಬೇಗ ಹೆತ್ತವಳಿಗೂ ತಡವಾಗಿ ಹೆತ್ತವಳಿಗೂ 37 ದಿನದ ಅಂತರ ಇತ್ತು. ದಿನ ಅಷ್ಟು ಖಚಿತವಾಗಿ ಗೊತ್ತಿದ್ದರೂ ಹೀಗೆ. ಹೆರಿಗೆಗೆ ಅದರದ್ದೇ ಹೊತ್ತು.

ಆದರೂ ಮನೆಯವರ ಮನಸ್ಸು ನೋಯಿಸಬೇಕೆಂದಿಲ್ಲ. ತಂಗಿಗೆ 39 ವಾರ ತುಂಬಿದ ಮೇಲಿನ ನಾಲ್ಕೈದು ದಿನಗಳನ್ನು ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ. ಆ ದಿನಗಳೊಳಗೆ ಒಳ್ಳೆಯ ದಿನ ಯಾವುದೆಂದು ಜೋಯಿಸರು ಹೇಳಲಿ. ಬೆಳಗಿನ ಹೊತ್ತೋ ಮಧ್ಯಾಹ್ನವೋ ಎಂಬುದನ್ನೂ ನಾವು ಆದಷ್ಟು ಹೊಂದಿಸುತ್ತೇವೆ. ನಾನು ಹೀಗೇ ಮಾಡುವುದು, ಯಾರೂ ಬೇಜಾರು ಮಾಡಿಕೊಂಡಿಲ್ಲ. ಅದಕ್ಕೆ ಮೊದಲೇ ನೋವು ಶುರುವಾದರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆಯಾದರೆ ಮಾತ್ರ ರಾಹುಕಾಲ, ಅಮಾವಾಸ್ಯೆ ಯಾವುದನ್ನೂ ನೋಡಬಾರದು. ಹಳೆಯ ಸಿಸೇರಿಯನ್ ಗಾಯ ಇರುವ ಗರ್ಭಕೋಶ ಅದು. ಆ ಕ್ಷಣವೇ ಹೊರಡಬೇಕು. ಇದನ್ನು ನಿಮ್ಮ ತಾಯಿಗೂ ಹೇಳಿಡಿ.

ಇನ್ನು ನಿಮ್ಮ ಮುಂದಿನ ರಜೆ. ಗಂಡ ಟಿಕೆಟ್ ತೆಗೆಯುವ ಮೊದಲು ಈ ಲೆಕ್ಕ ಮಾಡಿ. ಈಗಿನಿಂದ ಮೂರು ತಿಂಗಳು ಮುಟ್ಟಿನ ಮೊದಲ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವರು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ದಿನ ನಿಮ್ಮ ಮುಟ್ಟಿನ 12ನೇ ದಿನದ ಸುಮಾರಿಗೆ ಬೀಳಲಿ. ಆಗ ಎರಡು ದಿನದಲ್ಲಿ ನಿಮ್ಮ ಮೊದಲ ಆರು ದಿನ ಶುರುವಾಗುತ್ತದೆ. ರಜೆ ಮುಗಿಯುವ ಹೊತ್ತಿಗೆ ಮುಂದಿನ ಚಕ್ರದ ಆರು ದಿನಗಳಲ್ಲೂ ಹೆಚ್ಚಿನವು ಸಿಗುತ್ತವೆ. 40 ದಿನದಲ್ಲಿ ಎರಡು ಅವಕಾಶ. ಅವರು 21ನೇ ದಿನ ಬಂದಿಳಿದರೆ ಅದೇ 40 ದಿನದಲ್ಲಿ ಸಿಗುವುದು ಒಂದೇ. ಕುಕ್ಕೆಗೆ ಹೋಗುವುದಿದ್ದರೆ, ನಾಗಬನದ ಪೂಜೆ ಇದ್ದರೆ, ನೆಂಟರ ಮನೆ ಸುತ್ತುವುದಿದ್ದರೆ ಎಲ್ಲವನ್ನೂ ಆ ಎರಡು ಆರು ದಿನಗಳ ನಡುವಿನ ಹತ್ತಿರ ಹತ್ತಿರ ನಾಲ್ಕು ವಾರಕ್ಕೆ ಹಾಕಿ. ಅತ್ತೆಯವರನ್ನೂ ಕೂರಿಸಿಕೊಂಡು ಕ್ಯಾಲೆಂಡರ್ ತೋರಿಸಿ, ಪೂಜೆಯ ದಿನ ಅವರೇ ಆರಿಸಲಿ. ಆ ಹೊತ್ತಿಗೆ ಗಂಡನ ರಿಪೋರ್ಟು, ನಿಮ್ಮ ಥೈರಾಯ್ಡ್ ಮತ್ತು ಸ್ಕ್ಯಾನಿಂಗ್ ರಿಪೋರ್ಟು ಕೈಯಲ್ಲಿರಲಿ. ಏನು ಬಂತೆಂದು ನನಗೂ ಬರೆಯಿರಿ.